ಮೊದಲ ಸಭೆಯ ನಡಾವಳಿ

ನಾನು ಬಿ.ಎ. ಓದಿದ ಕಾಲೇಜಿಗೆ ಈ ವರ್ಷ ಐವತ್ತು ತುಂಬಿತು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಕಡೆ, ಒಂದು ತಾಲ್ಲೂಕು ಊರಿನಲ್ಲಿರುವ ಸಣ್ಣ ಕಾಲೇಜು ಅದು. ನಾನು ಓದುವಾಗ ಬಿ.ಎ., ಬಿ.ಕಾಂ. ಎರಡೂ ಸೇರಿ ನಾನೂರು ಚಿಲ್ಲರೆ ಹುಡುಗ ಹುಡುಗಿಯರಿದ್ದೆವು. "ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರ್ತಿದೀವಪ್ಪ. ನೀನು ಸಂಶೋಧನೆ ಮಾಡ್ತಿರೋನು, ಕಾಲೇಜಿನ ಇತಿಹಾಸದ ಮೇಲೆ ನಾಲ್ಕು ಪುಟ ಬರ್ಕೊಡು" ಎಂದು ನನಗೆ ಕನ್ನಡ ಪಾಠ ಮಾಡಿದ ಮೇಷ್ಟ್ರು ಫೋನ್ ಮಾಡಿದರು. ಅವರು ಹೇಳಿದ ಮೇಲೆ ಇಲ್ಲ ಅನ್ನುವ ಮಾತೇ ಇರಲಿಲ್ಲ. ನಾನು ಪಿಎಚ್.ಡಿ.ವರೆಗೆ ಬಂದಿದ್ದರೆ ಅದಕ್ಕೆ ಆ ಕಾಲೇಜು ಕಾರಣ, ಆ ಕಾಲೇಜಿನಲ್ಲಿ ಅವರು ಕಾರಣ.

ಬರೆಯಲು ಕೂತಾಗ ಮಾತ್ರ ಒಂದು ಸಣ್ಣ ಪ್ರಶ್ನೆ ಅಡ್ಡ ಬಂತು. ಐವತ್ತು ತುಂಬಿದ್ದು ಯಾರಿಗೆ?

ಮನುಷ್ಯನಿಗೆ ಐವತ್ತು ತುಂಬಿದರೆ ಅದರಲ್ಲಿ ಗೊಂದಲವಿಲ್ಲ. ಅದೇ ದೇಹ, ಅದೇ ನೆನಪು, ಅದೇ ಹೆಸರು ಅಲ್ಲಿಯವರೆಗೆ ನಡೆದು ಬಂದಿರುತ್ತದೆ. ಕಾಲೇಜಿನಲ್ಲಿ ಹಾಗೆ ನಡೆದು ಬಂದದ್ದು ಯಾವುದು? ಮೊದಲ ವರ್ಷದ ತರಗತಿಗಳು ನಡೆದದ್ದು ಒಂದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಆ ಗೋದಾಮು ಈಗಿಲ್ಲ. ಶುರು ಮಾಡಿದವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದಾರೆ. ವಿದ್ಯಾರ್ಥಿಗಳು ಮೂರು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುತ್ತಾರೆ. ಪಠ್ಯ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ. ವಿಶ್ವವಿದ್ಯಾಲಯವೇ ಬದಲಾಗಿದೆ: ಮೊದಲು ಮೈಸೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದರ ವ್ಯಾಪ್ತಿಗೆ. ಹಲಗೆ ಒಂದೊಂದಾಗಿ ಬದಲಾದ ಹಡಗು ಅದೇ ಹಡಗೇ ಎಂದು ತತ್ವಶಾಸ್ತ್ರದ ಮೊದಲ ವರ್ಷದಲ್ಲಿ ಕೇಳುತ್ತಾರಲ್ಲ, ಆ ಪ್ರಶ್ನೆ ಕಾಲೇಜಿಗೆ ಚೆನ್ನಾಗಿ ಹೊಂದುತ್ತದೆ.

ಯೋಚಿಸಿದಾಗ ನನಗೆ ತೋಚಿದ ಉತ್ತರ ಇಷ್ಟೇ. ಗೋಡೆ, ಜನ, ಪಾಠ ಎಲ್ಲ ಬದಲಾದರೂ ಉಳಿಯುವುದು ಕೊಟ್ಟ ಮಾತು. ಸಂಸ್ಥೆಯೆಂದರೆ, ಮಾತು ಕೊಟ್ಟವರು ಹೋದ ಮೇಲೂ ಆ ಮಾತು ಉಳಿಯಲೆಂದು ಮನುಷ್ಯರು ಮಾಡಿಕೊಂಡ ಒಂದು ಏರ್ಪಾಡು. ನನಗೆ ಪ್ರವೇಶ ಕೊಟ್ಟ ಪ್ರಾಂಶುಪಾಲರು ನಾನು ಪರೀಕ್ಷೆ ಬರೆಯುವ ಹೊತ್ತಿಗೆ ನಿವೃತ್ತರಾಗಿದ್ದರು. "ಅವರು ಸೇರಿಸಿಕೊಂಡದ್ದು, ನಮಗೆ ಗೊತ್ತಿಲ್ಲ" ಎಂದು ಹೊಸ ಪ್ರಾಂಶುಪಾಲರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದು ಕಾಲೇಜೇ ಆಗುತ್ತಿರಲಿಲ್ಲ.

ಇಲ್ಲಿಯವರೆಗೆ ಲೇಖನ ಸಲೀಸಾಗಿ ಬಂತು. ಮುಂದಿನದು ಸಲೀಸಾಗಲಿಲ್ಲ. ಅದಕ್ಕೆ ಕಾರಣ ಎರಡು ಕಾಲೇಜುಗಳು. ಒಂದು ನಮ್ಮದು, ಇನ್ನೊಂದು ಅಮೆರಿಕದ್ದು.

ಅಮೆರಿಕದ್ದನ್ನು ಮೊದಲು ಹೇಳುತ್ತೇನೆ. ನನ್ನ ಸಂಶೋಧನೆ ಮಿಷನರಿ ಶಾಲೆಗಳಿಗೆ ಸಂಬಂಧಿಸಿದ್ದು. ಬೇರೆ ದೇಶಗಳಲ್ಲಿ ಇಂಥ ಶಾಲೆಗಳು ಹೇಗೆ ನಡೆದವು ಎಂದು ಓದುತ್ತಿದ್ದಾಗ ಡಾರ್ಟ್‌ಮತ್ ಕಾಲೇಜಿನ ಕಥೆ ಸಿಕ್ಕಿತು. ಇಂದು ಅದು ಬಹಳ ಶ್ರೀಮಂತ, ಬಹಳ ಪ್ರತಿಷ್ಠಿತ ಸಂಸ್ಥೆ. 2019ರಲ್ಲಿ ಇನ್ನೂರೈವತ್ತು ವರ್ಷದ ಸಂಭ್ರಮ ಆಚರಿಸಿಕೊಂಡಿತು. ಅದು ಹುಟ್ಟಿದ ರೀತಿ ಹೀಗಿದೆ.

ಹದಿನೆಂಟನೇ ಶತಮಾನದ ನಡುವೆ ಎಲಿಯೇಜರ್ ವೀಲಾಕ್ ಎಂಬ ಪಾದ್ರಿ ಕನೆಟಿಕಟ್‌ನಲ್ಲಿ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗಾಗಿ ಒಂದು ಧರ್ಮಶಾಲೆ ನಡೆಸುತ್ತಿದ್ದ. ಅದಕ್ಕೂ ಮೊದಲು ಅವನ ಬಳಿ ಕಲಿತವರಲ್ಲಿ ಮೊಹೀಗನ್ ಬುಡಕಟ್ಟಿನ ಸ್ಯಾಮ್ಸನ್ ಆಕಮ್ ಒಬ್ಬ. ಆಕಮ್ ಓದಿ, ತಾನೂ ಪಾದ್ರಿಯಾಗಿ 1759ರಲ್ಲಿ ದೀಕ್ಷೆ ಪಡೆದ. ಶಾಲೆ ಬೆಳೆಸಲು ಹಣ ಬೇಕಿತ್ತು. ಇಂಗ್ಲೆಂಡಿನಲ್ಲಿ ಒಬ್ಬ ಮೂಲನಿವಾಸಿಯೇ ನಿಂತು ತನ್ನ ಜನರ ಶಿಕ್ಷಣಕ್ಕಾಗಿ ಕೇಳಿದರೆ ಜನ ಕೊಡುತ್ತಾರೆಂದು ವೀಲಾಕ್‌ಗೆ ಗೊತ್ತಿತ್ತು. ಆಕಮ್ ಹೋದ. 1766ರಿಂದ 1768ರವರೆಗೆ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮುನ್ನೂರಕ್ಕೂ ಹೆಚ್ಚು ಉಪದೇಶ ಮಾಡಿ ಸುಮಾರು 12,000 ಪೌಂಡ್ ಕೂಡಿಸಿದ. ಆ ಕಾಲಕ್ಕೆ ಅದು ಅಪಾರ ಮೊತ್ತ. ಹೋಗುವಾಗ ಅವನ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುವುದಾಗಿ ವೀಲಾಕ್ ಹೇಳಿದ್ದ. ಆಕಮ್ ತಿರುಗಿ ಬಂದಾಗ ಅವನ ಸಂಸಾರ ಬಡತನದಲ್ಲಿ ಒದ್ದಾಡುತ್ತಿತ್ತು.

1769ರ ಡಿಸೆಂಬರಿನಲ್ಲಿ ರಾಜನ ಹೆಸರಿನಲ್ಲಿ ಸನ್ನದು ಸಿಕ್ಕಿತು. ಕಾಲೇಜು ನ್ಯೂ ಹ್ಯಾಂಪ್‌ಶೈರ್‌ಗೆ ಹೋಯಿತು. ಮೂಲನಿವಾಸಿ ಯುವಕರ ಶಿಕ್ಷಣಕ್ಕಾಗಿ ಎಂದು ಸನ್ನದಿನಲ್ಲಿ ಬರೆದಿತ್ತು, ಇಂಗ್ಲಿಷ್ ಯುವಕರಿಗೂ ಇತರರಿಗೂ ಎಂಬ ಮಾತೂ ಅದರ ಜೊತೆಗೇ ಇತ್ತು. ನಡೆದದ್ದು ಜೊತೆಗೆ ಸೇರಿಸಿದ ಮಾತಿನಂತೆ. ಆಕಮ್‌ಗೆ ಇದು ಬೇಗ ಅರ್ಥವಾಯಿತು. 1771ರಲ್ಲಿ ವೀಲಾಕ್‌ಗೆ ಬರೆದ ಪತ್ರದಲ್ಲಿ ಅವನು ಒಂದು ಲ್ಯಾಟಿನ್ ಶ್ಲೇಷೆ ಮಾಡಿದ. ತಾನು ಓದಿದ ಸಂಸ್ಥೆಯನ್ನು 'ಆಲ್ಮಾ ಮಾತೆರ್', ಅಂದರೆ ಪೊರೆಯುವ ತಾಯಿ, ಎಂದು ಕರೆಯುವುದು ವಾಡಿಕೆ. ಈ ಕಾಲೇಜು 'ಆಲ್ಬಾ ಮಾತೆರ್', ಬಿಳಿಯ ತಾಯಿ, ಆಗಿಬಿಟ್ಟು ಕಂದುಬಣ್ಣದ ಮಕ್ಕಳಿಗೆ ಹಾಲೂಡಲಾರದೇನೋ ಎಂಬ ಅಂಜಿಕೆಯನ್ನು ಅವನು ಅದರಲ್ಲಿ ಹೇಳಿಕೊಂಡ. ಅಂಜಿಕೆ ನಿಜವಾಯಿತು. ಮುಂದಿನ ಇನ್ನೂರು ವರ್ಷಗಳಲ್ಲಿ ಅಲ್ಲಿ ಪದವಿ ಪಡೆದ ಮೂಲನಿವಾಸಿಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ.

ವಂಚನೆಯ ಕಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಈ ಕಥೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದೆ ನಡೆದ ಒಂದು ಮೊಕದ್ದಮೆಯಿಂದ. 1816ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಕಾನೂನು ಮಾಡಿ ಈ ಕಾಲೇಜನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು ವಿಶ್ವವಿದ್ಯಾಲಯ ಮಾಡಲು ಹೊರಟಿತು. ಹಳೆಯ ಟ್ರಸ್ಟಿಗಳು ನ್ಯಾಯಾಲಯಕ್ಕೆ ಹೋದರು. 1818ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಪರ ವಾದಿಸಿದ್ದು ಅದೇ ಕಾಲೇಜಿನಲ್ಲಿ ಓದಿದ್ದ ಡೇನಿಯಲ್ ವೆಬ್‌ಸ್ಟರ್. ವಾದದ ಕೊನೆಯಲ್ಲಿ, ಇದು ಸಣ್ಣ ಕಾಲೇಜೇ ಇರಬಹುದು, ಆದರೂ ಇದನ್ನು ಪ್ರೀತಿಸುವವರಿದ್ದಾರೆ ಎಂಬರ್ಥದ ಮಾತಾಡಿ ಅವನು ಗದ್ಗದನಾದನೆಂದು ಹೇಳುತ್ತಾರೆ. ಸಣ್ಣ ಕಾಲೇಜಿನಲ್ಲಿ ಓದಿದ ಯಾರಿಗಾದರೂ ಆ ಮಾತು ತಾಗುತ್ತದೆ. ನನಗೂ ತಾಗಿತು.

1819ರ ಫೆಬ್ರವರಿಯಲ್ಲಿ ಕಾಲೇಜು ಗೆದ್ದಿತು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕೊಟ್ಟ ತೀರ್ಪಿನ ಸಾರ ಇಷ್ಟು: ಸನ್ನದು ಎನ್ನುವುದು ಒಂದು ಕರಾರು. ದಾನಿಗಳು ಒಂದು ಉದ್ದೇಶ ನಂಬಿ ಹಣ ಕೊಟ್ಟಿದ್ದಾರೆ. ಅವರು ಸತ್ತುಹೋಗಿರಬಹುದು, ಆದರೆ ಕಾಲೇಜು ಅವರ ಜಾಗದಲ್ಲಿ ನಿಂತಿದೆ. ಆದ್ದರಿಂದ ಆ ಕರಾರನ್ನು ಸರ್ಕಾರ ಮುರಿಯುವಂತಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸತ್ತವರಿಗೆ ಕೊಟ್ಟ ಮಾತು ಬದುಕಿರುತ್ತದೆ, ಅದು ಪವಿತ್ರ ಎಂದು ವಾದಿಸಿ ಕಾಲೇಜು ತನ್ನ ಅಸ್ತಿತ್ವ ಉಳಿಸಿಕೊಂಡಿತು. ಆ ದಾನಿಗಳು ಹಣ ಕೊಟ್ಟದ್ದು ಯಾರ ಮುಖ ನೋಡಿ? ಆಕಮ್‌ನ ಮುಖ ನೋಡಿ. ಯಾರ ಮಕ್ಕಳಿಗಾಗಿ? ಆಕಮ್‌ನ ಜನರ ಮಕ್ಕಳಿಗಾಗಿ. ಸರ್ಕಾರ ಮಾತು ಮುರಿಯಲು ಬಂದಾಗ ಮಾತಿನ ಪಾವಿತ್ರ್ಯ ನೆನಪಾಯಿತು, ತಾನೇ ಮುರಿದಿದ್ದ ಮಾತು ನೆನಪಾಗಲಿಲ್ಲ. ಇದನ್ನು ಬರೀ ಕಪಟ ಎಂದು ಕರೆದು ಮುಗಿಸಲು ನನಗೆ ಮನಸ್ಸಿಲ್ಲ. ವೆಬ್‌ಸ್ಟರನ ಕಣ್ಣೀರು ನಿಜವೇ ಇದ್ದಿರಬೇಕು. ಪ್ರೀತಿ ನಿಜವಾಗಿದ್ದೂ ಅದರ ಕಣ್ಣಿಗೆ ಸಾಲ ಕಾಣದೆ ಹೋಗಬಹುದು ಎಂಬುದೇ ಇಲ್ಲಿ ನನ್ನನ್ನು ಕಾಡಿದ್ದು.

ಇನ್ನು ನಮ್ಮ ಕಾಲೇಜಿನ ಕಥೆ. ಲೇಖನಕ್ಕಾಗಿ ಆಡಳಿತ ಮಂಡಳಿಯ ಹಳೆಯ ನಡಾವಳಿ ಪುಸ್ತಕ ನೋಡಲು ಕೇಳಿದ್ದೆ, ಕೊಟ್ಟರು. ಮೊದಲ ಸಭೆಗಳ ಪುಟಗಳಲ್ಲಿ ನಾವೆಲ್ಲ ಕೇಳಿ ಬೆಳೆದ ಸಂಗತಿಗಳೇ ಇದ್ದವು: ಯಾರು ಎಷ್ಟು ಚೀಲ ಭತ್ತ ಕೊಟ್ಟರು, ಯಾವ ಊರಿನವರು ಹಂಚು ಕೊಟ್ಟರು, ಯಾರ ಗೋದಾಮಿನಲ್ಲಿ ಪಾಠ. ಓದುತ್ತಾ ಖುಷಿಯಾಯಿತು. ಆಮೇಲೆ ಒಂದು ಠರಾವು ಸಿಕ್ಕಿತು. ಕಾಲೇಜಿಗೆ ಮಂಜೂರಾದ ಸರ್ಕಾರಿ ಜಮೀನಿನಲ್ಲಿ ಎಂಟು ಮನೆಯವರು ಬಗರ್‌ಹುಕುಂ ಸಾಗುವಳಿ ಮಾಡುತ್ತಿದ್ದರು. ಪಹಣಿಯಲ್ಲಿ ಅವರ ಹೆಸರಿರಲಿಲ್ಲ, ಕಾಗದ ಒಂದೂ ಇರಲಿಲ್ಲ. ಮಂಡಳಿಯವರು ಹೋಗಿ ಮಾತಾಡಿದರು. ಎಂಟೂ ಮನೆಯವರು ತಕರಾರು ಮಾಡದೆ ಜಮೀನು ಬಿಟ್ಟುಕೊಟ್ಟರು. ಅದಕ್ಕೆ ಬದಲಾಗಿ, ಕಾಲೇಜು ಇರುವವರೆಗೆ ಆ ಮನೆಗಳ ಮಕ್ಕಳಿಗೆ ಸೀಟು ಕೊಡುವುದು, ಶುಲ್ಕ ಪೂರ್ತಿ ಮಾಫಿ ಮಾಡುವುದು ಎಂದು ಸರ್ವಾನುಮತದಿಂದ ಠರಾಯಿಸಲಾಗಿತ್ತು.

ಹಳೆಯ ಪ್ರವೇಶ ಪುಸ್ತಕಗಳನ್ನು ತಿರುವಿದೆ. ಮೊದಲ ಆರು ವರ್ಷಗಳಲ್ಲಿ ಮೂರು ಹೆಸರುಗಳ ಮುಂದೆ ಕೆಂಪು ಮಸಿಯಲ್ಲಿ 'ಮಾಫಿ' ಎಂದು ಬರೆದಿತ್ತು. ಆಮೇಲೆ ಒಂದೂ ಇಲ್ಲ. ಮಾಫಿ ರದ್ದು ಮಾಡುವ ಠರಾವೇನಾದರೂ ಇದೆಯೋ ಎಂದು ಹುಡುಕಿದೆ. ಅದೂ ಇಲ್ಲ. ಯಾರೂ ಕೂತು ಮಾತು ಮುರಿಯೋಣ ಎಂದು ತೀರ್ಮಾನಿಸಿರಲಿಲ್ಲ. ವಿಷಯ ಗೊತ್ತಿದ್ದ ಗುಮಾಸ್ತರು ನಿವೃತ್ತರಾಗಿರಬೇಕು, ಮಂಡಳಿ ಬದಲಾಗಿರಬೇಕು, ಪುಸ್ತಕ ಬೀರುವಿನೊಳಗೆ ಹೋಗಿರಬೇಕು. ಮಾತುಗಳು ಹೆಚ್ಚಾಗಿ ಸಾಯುವುದು ಹೀಗೆಯೇ ಎಂದು ಕಾಣುತ್ತದೆ.

ಆ ಎಂಟು ಮನೆಗಳಲ್ಲಿ ಒಂದು ಮನೆಯ ಹುಡುಗ ಪಿಯುಸಿಯಲ್ಲಿ ಎರಡು ವರ್ಷ ನನ್ನ ಪಕ್ಕದಲ್ಲಿ ಕೂತವನು. ಲೆಕ್ಕದಲ್ಲಿ ನನಗಿಂತ ಮುಂದಿದ್ದ. ಡಿಗ್ರಿಗೆ ಫೀಸು ಹೊಂದಿಸಲಾಗದೆ ಸೇರಲಿಲ್ಲ, ಈಗ ಗೂಡ್ಸ್ ಆಟೋ ಓಡಿಸುತ್ತಾನೆ. ಅವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೌದೇನೋ? ನಮ್ಮಜ್ಜಿ ಹೇಳ್ತಾನೇ ಇರೋದು, ನಿಮಗೆಲ್ಲ ಆ ಕಾಲೇಜಲ್ಲಿ ಫ್ರೀ ಅಂತ. ಅಜ್ಜಿಗೆ ಅರಳುಮರಳು ಅಂತ ನಾವು ನಗ್ತಿದ್ವಿ" ಅಂದ. ಆಮೇಲೆ ಕೇಳಿದ: "ನನ್ ತಂಗಿ ಈಗ ಸೆಕೆಂಡ್ ಪಿಯು. ಅವಳಿಗಾದ್ರೂ ಸಿಗುತ್ತಾ?"

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೇಖನದಲ್ಲಿ ಠರಾವಿನ ವಿಷಯ ಬರೆದು ಮೇಷ್ಟ್ರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅವರ ಫೋನ್ ಬಂತು. "ನೀನು ಬರೆದಿರೋದ್ರಲ್ಲಿ ಸುಳ್ಳಿಲ್ಲಪ್ಪ. ಆದ್ರೆ ಮದುವೆ ಮನೇಲಿ ಯಾರಾದ್ರೂ ಸಾಲದ ಲೆಕ್ಕ ತೆಗೀತಾರಾ? ಸಮಾರಂಭ ಮುಗೀಲಿ, ಆಮೇಲೆ ನೋಡೋಣ" ಅಂದರು. "ಆಯ್ತು ಸರ್" ಅಂದೆ. ಆ ಭಾಗ ಬಿಟ್ಟು ಲೇಖನ ಅಚ್ಚಾಯಿತು. ಚೆನ್ನಾಗಿ ಬಂದಿದೆ ಎಂದು ನಾಲ್ಕು ಜನ ಹೇಳಿದರು. ನಾನು ಸುಮ್ಮನೆ ಒಪ್ಪಿಕೊಂಡೆ ಎಂಬುದನ್ನು ಇಲ್ಲಿ ಬರೆಯದೆ ಮುಂದಿನ ಮಾತು ಬರೆಯುವ ಹಕ್ಕು ನನಗಿಲ್ಲ.

ಮೇಷ್ಟ್ರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅದರ ಹಿಂದೆ ಮೂರು ವಾದಗಳಿವೆ, ಮೂರೂ ಗಟ್ಟಿಯಾದವೇ.

ಮೊದಲನೆಯದು, ಈಗಿರುವವರ ತಪ್ಪೇನು? ಇಂದಿನ ಪ್ರಾಂಶುಪಾಲರು ಆಗ ಹುಟ್ಟಿರಲಿಲ್ಲ. ಮಾಡದ ತಪ್ಪಿಗೆ ಅವರು ತಲೆತಗ್ಗಿಸಬೇಕೇ? ತಪ್ಪಿತಸ್ಥನಾಗಿರುವುದು ಬೇರೆ, ಸಾಲಗಾರನಾಗಿರುವುದು ಬೇರೆ ಎಂಬುದು ಇದಕ್ಕೆ ನನ್ನ ಉತ್ತರ. ತಪ್ಪು ಮಾಡಿದವನ ಜೊತೆ ಹೋಗುತ್ತದೆ, ಸಾಲ ಆಸ್ತಿಯ ಜೊತೆ ಬರುತ್ತದೆ. ಅಪ್ಪನ ಸಾಲ ತೀರಿಸುವುದು ಮಗನ ಧಾರ್ಮಿಕ ಹೊಣೆ ಎಂದು ನಮ್ಮ ಹಳೆಯ ಧರ್ಮಶಾಸ್ತ್ರಗಳು ಹೇಳಿದವು, ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನು ಒಪ್ಪಿದವು. ಆ ಕಟ್ಟುಪಾಡನ್ನು ಮುಂದಿನ ಸಾಲಗಳ ಮಟ್ಟಿಗೆ ಕಾನೂನು ತೆಗೆದದ್ದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ. ತೆಗೆದದ್ದು ಸರಿಯೇ. ಅಪ್ಪ ಮಾಡಿದ ಸಾಲಕ್ಕೆ ಏನೂ ಸಿಗದ ಮಗನನ್ನು ಹಿಡಿಯುವುದು ನ್ಯಾಯವಲ್ಲ. ಆದರೆ ಆ ಜಮೀನಿನ ಮೇಲೆಯೇ ಮನೆ ಕಟ್ಟಿಕೊಂಡು ವಾಸವಿರುವ ಮಗ, ಸಾಲ ನನಗೆ ಗೊತ್ತಿಲ್ಲ ಅಂದರೆ? ಕಾಲೇಜು ತನ್ನ ಐವತ್ತು ವರ್ಷವನ್ನು ತನ್ನದೇ ಎಂದು ಹೇಳಿಕೊಳ್ಳುವಾಗ ಸಂಸ್ಥಾಪಕರ ದಾನ, ತ್ಯಾಗ, ಕೀರ್ತಿ ಎಲ್ಲವನ್ನೂ ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಆ ಹೆಮ್ಮೆಗೆ ಇಂದಿನ ಪ್ರಾಂಶುಪಾಲರು ವಾರಸುದಾರರಾದರೆ, ಆ ಠರಾವಿಗೂ ವಾರಸುದಾರರೇ.

ಎರಡನೆಯದು, ಕಾನೂನಿನಲ್ಲಿ ಆ ಎಂಟು ಮನೆಯವರಿಗೆ ಯಾವ ಹಕ್ಕೂ ಇರಲಿಲ್ಲ. ಸರ್ಕಾರಿ ಜಾಗ, ಕಾಗದವಿಲ್ಲದ ಸಾಗುವಳಿ. ಕೊಡದಿದ್ದರೂ ನಡೆಯುತ್ತಿತ್ತು. ನಿಜ. ಆದರೆ ಈ ವಾದ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಕಾಗದ ಇದ್ದವರ ಮಾತನ್ನು ಕೋರ್ಟು ಕಾಯುತ್ತದೆ. ಕಾಗದವಿಲ್ಲದವರ ಕೈಯಲ್ಲಿ ಉಳಿಯುವುದು ಎದುರಿನವರ ನೆನಪು ಮತ್ತು ಮಾನ ಮಾತ್ರ. ಡಾರ್ಟ್‌ಮತ್ ಟ್ರಸ್ಟಿಗಳ ಕೈಯಲ್ಲಿ ಸನ್ನದಿತ್ತು, ವೆಬ್‌ಸ್ಟರ್ ಇದ್ದ. ಆಕಮ್‌ನ ಕೈಯಲ್ಲಿ ಒಂದು ಪತ್ರ ಬರೆಯುವಷ್ಟು ಶಾಯಿ ಇತ್ತು. ದಾವೆ ಹೂಡಲಾಗದವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದೇ ಮಾತು ಉಳಿಸಿಕೊಳ್ಳುವುದು. ಉಳಿದದ್ದು ದಾವೆಯ ಭಯ.

ಮೂರನೆಯದು ಮೇಷ್ಟ್ರ ಸ್ವಂತ ವಾದ, ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಸಂಭ್ರಮಕ್ಕೂ ಒಂದು ಜಾಗ ಬೇಡವೇ? ಎಲ್ಲ ಹಬ್ಬವನ್ನೂ ವಿಚಾರಣೆ ಮಾಡಿಬಿಟ್ಟರೆ ಸಂತೋಷಪಡುವುದು ಯಾವಾಗ? ಈ ಮಾತಿನಲ್ಲಿ ತೂಕವಿದೆ. ಸಣ್ಣ ಕಾಲೇಜು ಐವತ್ತು ವರ್ಷ ಬದುಕುವುದು ಸಣ್ಣ ವಿಷಯವಲ್ಲ. ಸಂಬಳ ತಡವಾದಾಗಲೂ ಪಾಠ ನಿಲ್ಲಿಸದ ಮೇಷ್ಟ್ರುಗಳು, ಬಸ್ಸಿಲ್ಲದ ಊರಿನಿಂದ ನಡೆದು ಬಂದ ಹುಡುಗಿಯರು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಸಾವಿರಾರು ಜನ. ಅವರಲ್ಲಿ ನಾನೂ ಒಬ್ಬ. ಆ ಕಾಲೇಜು ಇಲ್ಲದಿದ್ದರೆ ನಾನು ಇವತ್ತು ಈ ಪ್ರಶ್ನೆ ಕೇಳುವ ಭಾಷೆಯನ್ನೇ ಕಲಿಯುತ್ತಿರಲಿಲ್ಲ. ಈ ಸಂತೋಷವನ್ನು ಯಾರಾದರೂ ಸುಳ್ಳೆಂದರೆ ನಾನು ಒಪ್ಪುವುದಿಲ್ಲ.

ಆದರೆ ಮದುವೆ ಮನೆಯ ಹೋಲಿಕೆಯನ್ನು ಮತ್ತೆ ಮತ್ತೆ ನೆನೆಸಿಕೊಂಡಾಗ ನನಗೊಂದು ಚಿತ್ರ ಕಂಡಿತು. ನಮ್ಮ ಕಡೆ ಮದುವೆ ಮನೆಯ ಬಾಗಿಲ ಹತ್ತಿರವೋ ಚಪ್ಪರದ ಮೂಲೆಯಲ್ಲೋ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಕೊಟ್ಟರು ಎಂದು ಹೆಸರು ಸಮೇತ ಬರೆಯುತ್ತಾರೆ. ಆ ಪುಸ್ತಕ ಮನೆಯ ಟ್ರಂಕಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಅವರ ಮನೆಯಲ್ಲಿ ಮದುವೆಯಾದಾಗ ಅಮ್ಮ ಅದನ್ನು ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಹತ್ತು ರೂಪಾಯಿ ಹೆಚ್ಚೋ ಕೊಡುತ್ತಾಳೆ. ಅಂದರೆ ಸಾಲದ ಲೆಕ್ಕವನ್ನು ನಾವು ಬರೆಯುವುದೇ ಮದುವೆ ಮನೆಯಲ್ಲಿ. ಅದರಿಂದ ಮದುವೆಯ ಸಂಭ್ರಮ ಕೆಟ್ಟದ್ದನ್ನು ನಾನು ನೋಡಿಲ್ಲ. ಇಷ್ಟು ಜನ ನಮ್ಮ ಜೊತೆ ನಿಂತರು, ನಾವೂ ಅವರ ಜೊತೆ ನಿಲ್ಲಬೇಕು ಎಂಬುದನ್ನು ಆ ಪುಸ್ತಕ ಹೇಳುತ್ತದೆ. ಲೆಕ್ಕ ಬರೆಯದ ಮದುವೆಯಲ್ಲಿ ಊಟ ಮಾತ್ರ ಇರುತ್ತದೆ.

ಕೃತಜ್ಞತೆ ಎಂಬ ಪದವನ್ನೇ ಬಿಡಿಸಿ ನೋಡಿ. ಮಾಡಿದ್ದನ್ನು ಅರಿತಿರುವುದು ಎಂದು ಅದರ ಅರ್ಥ. ಅರಿವು ಮೊದಲು, ಕೈಮುಗಿಯುವುದು ಆಮೇಲೆ. ಯಾರಿಗೆ ಋಣಿ ಎಂದು ಗೊತ್ತಿಲ್ಲದೆ ಆಡುವ ಕೃತಜ್ಞತೆಯ ಮಾತು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡಂತೆ. ಸ್ಮರಣ ಸಂಚಿಕೆಯಲ್ಲಿ ಭತ್ತ ಕೊಟ್ಟವರ ಪಟ್ಟಿ ಇತ್ತು, ಹಂಚು ಕೊಟ್ಟವರದ್ದೂ ಇತ್ತು. ಕಾಲಡಿಯ ನೆಲ ಬಿಟ್ಟುಕೊಟ್ಟವರ ಹೆಸರಿರಲಿಲ್ಲ. ಹೆಚ್ಚಾಗಿದ್ದುದರಲ್ಲಿ ಕೊಟ್ಟವರು ದಾನಿಗಳಾದರು, ಇದ್ದದ್ದನ್ನೇ ಬಿಟ್ಟುಕೊಟ್ಟವರು ಯಾರೂ ಆಗಲಿಲ್ಲ.

ಡಾರ್ಟ್‌ಮತ್ ಕಥೆಯ ಕೊನೆ ಭಾಗವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 1970ರಲ್ಲಿ ಜಾನ್ ಕೆಮೆನಿ ಅದರ ಅಧ್ಯಕ್ಷನಾದ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಗಣಿತಜ್ಞ ಅವನು, ಹಂಗೇರಿಯಿಂದ ಬಂದ ವಲಸಿಗ. ಕಾಲೇಜಿನ ಮೊದಲ ಉದ್ದೇಶಕ್ಕೆ ಮರಳುತ್ತೇವೆ ಎಂದು ಅವನು ಅಧಿಕಾರ ವಹಿಸಿಕೊಂಡಾಗಲೇ ಸಾರಿದ. ಮೂಲನಿವಾಸಿ ವಿದ್ಯಾರ್ಥಿಗಳನ್ನು ಹುಡುಕಿ ಕರೆತರುವ ಕೆಲಸ ಶುರುವಾಯಿತು. ಅಲ್ಲಿಂದೀಚೆಗೆ ನೂರಾರು ಜನ ಓದಿ ಹೋಗಿದ್ದಾರೆ. 2022ರ ಏಪ್ರಿಲ್‌ನಲ್ಲಿ ಕಾಲೇಜು ಆಕಮ್‌ನ ಪತ್ರಗಳನ್ನೂ ಕಾಗದಗಳನ್ನೂ ಮೊಹೀಗನ್ ಜನರಿಗೆ ಹಿಂದಿರುಗಿಸಿತು. ಕೆಮೆನಿಗೆ ವೀಲಾಕ್ ಏನೂ ಆಗಬೇಕಿರಲಿಲ್ಲ. ಆದರೂ ಇದು ನಾನು ಕುಳಿತಿರುವ ಕುರ್ಚಿಯ ಸಾಲ ಎಂದುಕೊಂಡ. ಇನ್ನೂರು ವರ್ಷ ತಡವಾಗಿ ಉಳಿಸಿಕೊಂಡ ಮಾತು ಸತ್ತವರಿಗೆ ಏನೂ ಕೊಡುವುದಿಲ್ಲ ಎಂದು ಯಾರಾದರೂ ಹೇಳಬಹುದು. ಸತ್ತವರಿಗೆ ಅಲ್ಲ, ಅವರ ಮರಿಮಕ್ಕಳಿಗೆ ಕೊಡುತ್ತದೆ. ಸಂಸ್ಥೆ ದೀರ್ಘಾಯುಷಿ ಆಗಿರುವುದರ ಪ್ರಯೋಜನ ಇದೇ ಅಲ್ಲವೇ? ಮನುಷ್ಯ ತೀರಿಸದೆ ಸತ್ತರೆ ಮುಗಿಯಿತು. ಸಂಸ್ಥೆಗೆ ಇನ್ನೊಂದು ಅವಕಾಶ ಇರುತ್ತದೆ.

ಊರಿನ ಹಾಲು ಸಹಕಾರ ಸಂಘವಿರಲಿ, ದೊಡ್ಡ ವಿಶ್ವವಿದ್ಯಾಲಯದ ಸಿಂಡಿಕೇಟ್ ಇರಲಿ, ನಮ್ಮ ಎಲ್ಲ ಸಭೆಗಳಲ್ಲೂ ಒಂದು ಪದ್ಧತಿಯಿದೆ. ಮೊದಲ ವಿಷಯ: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು. ಓದುವಾಗ ಹೆಚ್ಚಿನವರು ಟೀ ಕುಡಿಯುತ್ತಿರುತ್ತಾರೆ. ಆದರೂ ಆ ಪದ್ಧತಿ ಮಾಡಿದವರು ಬುದ್ಧಿವಂತರು. ಹಿಂದೆ ಏನು ಹೇಳಿದ್ದೆವು ಎಂದು ಕೇಳಿಸಿಕೊಳ್ಳದೆ ಮುಂದಿನ ವಿಷಯಕ್ಕೆ ಹೋಗುವಂತಿಲ್ಲ ಎಂಬ ನಿಯಮ ಅದು. ಐವತ್ತು, ಎಪ್ಪತ್ತೈದು, ನೂರು ತುಂಬಿದಾಗಲೂ ಹೀಗೆ ಮಾಡಬಹುದು. ಸ್ವಾಗತ ಭಾಷಣಕ್ಕೆ ಮೊದಲು ಮೊದಲ ಸಭೆಯ ನಡಾವಳಿಯನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕು. ಉಳಿಸಿಕೊಂಡ ಮಾತಿಗೆ ಚಪ್ಪಾಳೆ ಹೊಡೆಯೋಣ. ಉಳಿಸಿಕೊಳ್ಳದ್ದು ಇದ್ದರೆ ಅದು ಅಂದಿನಿಂದ ಮಂಡಳಿಯ ಮುಂದಿನ ಸಭೆಯ ವಿಷಯವಾಗಲಿ.

ಸಮಾರಂಭ ಮುಗಿದು ಮೂರು ತಿಂಗಳಾಯಿತು. ಕಳೆದ ವಾರ ಮೇಷ್ಟ್ರಿಗೆ ಫೋನ್ ಮಾಡಿ, "ಸರ್, ಆಮೇಲೆ ನೋಡೋಣ ಅಂದಿದ್ರಿ" ಎಂದೆ. ಅವರು ನಕ್ಕು, "ಬಿಡಲ್ವಲ್ಲೋ ನೀನು" ಅಂದರು. ಆಮೇಲೆ ಠರಾವಿನ ಪುಟದ ಫೋಟೋ ಕಳಿಸಲು ಹೇಳಿದರು. ಕಳಿಸಿದ್ದೇನೆ. ಮಂಡಳಿಗೆ ನಾನೂ ಒಂದು ಅರ್ಜಿ ಬರೆದಿದ್ದೇನೆ, ಗೆಳೆಯನೂ ಸಹಿ ಹಾಕಿದ್ದಾನೆ. ಅವನ ತಂಗಿಯ ಪರೀಕ್ಷೆ ಹತ್ತಿರವಾಗಿದೆ. ಫಲಿತಾಂಶ ಬಂದ ಮೇಲೆ ಅವಳು ಅರ್ಜಿ ಹಿಡಿದು ಆ ಕಾಲೇಜಿನ ಕಿಟಕಿಯ ಮುಂದೆ ನಿಲ್ಲುತ್ತಾಳೆ. ಒಳಗೆ ಕೂತವರು ಏನು ಹೇಳುತ್ತಾರೋ ನೋಡಬೇಕು.